ಮೂವತ್ತು ಮೀಟರಿಗೆ ಜೀರೋ ಮಾಡಿದ ಬಂದೂಕು

ಕೊಪ್ಪಳ ಜಿಲ್ಲೆಯ ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯನ ದಿನಗಳು ಎಮ್ಮೆಯ ಕೆಚ್ಚಲು ಬಾವು, ಕುರಿಗಳ ಕರುಳುಬೇನೆ, ಎತ್ತಿನ ಕೊಂಬಿನ ಕ್ಯಾನ್ಸರ್ ಇವುಗಳಲ್ಲೇ ಕಳೆದುಹೋಗುತ್ತವೆ. ಬಂದೂಕಿಗೆ ಅಲ್ಲಿ ಜಾಗವಿಲ್ಲ. ಆದರೆ ಗಂಗಾವತಿ, ಆನೆಗೊಂದಿ ಕಡೆಯ ಬಂಡೆಬೆಟ್ಟಗಳಲ್ಲಿ ಚಿರತೆಯೂ ಕರಡಿಯೂ ಇವೆ, ಬೆಟ್ಟದ ಬುಡದಲ್ಲಿ ಶೇಂಗಾ, ಮೆಕ್ಕೆಜೋಳದ ಹೊಲಗಳಿವೆ, ಹೊಲದ ಬೇಲಿಯಲ್ಲಿ ಹಂದಿಗೆಂದು ಕಟ್ಟಿದ ತಂತಿಯ ಉರುಳುಗಳೂ ಇವೆ. ಹೀಗಾಗಿ ವರ್ಷದಲ್ಲಿ ಕೆಲವು ಸಲ ನಸುಕಿನಲ್ಲಿ ಅರಣ್ಯ ಸಿಬ್ಬಂದಿಯ ಫೋನ್ ಬರುತ್ತದೆ, ಮತ್ತು ಆ ಹೊತ್ತಿಗೆ ಅರಿವಳಿಕೆ ಬಂದೂಕನ್ನು ಹಿಡಿಯಬೇಕಾದವನು ಪಶುವೈದ್ಯನೇ ಆಗಿರುತ್ತಾನೆ.

ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನ್ನ ಕೈಗೆ ಬಂದ ಬಂದೂಕು ಕಾರ್ಬನ್ ಡೈಆಕ್ಸೈಡ್ ಅನಿಲದ ಒತ್ತಡದಿಂದ ಡಾರ್ಟ್, ಅಂದರೆ ಔಷಧಿ ತುಂಬಿದ ಸೂಜಿ, ಹಾರಿಸುವಂಥದ್ದು. ಒತ್ತಡವನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಬಹುದು, ಮೇಲೆ ಗುರಿಯಿಡಲು ಒಂದು ಸ್ಕೋಪ್, ಅಂದರೆ ಸಣ್ಣ ದುರ್ಬೀನು, ಇದೆ. ಅದನ್ನು ಒಪ್ಪಿಸಿದವರು, 'ಮೂವತ್ತು ಮೀಟರಿಗೆ ಜೀರೋ ಮಾಡಿದ್ದೇವೆ, ದೂರಕ್ಕೆ ಸರಿಯಿದ್ದರೆ ಹತ್ತಿರಕ್ಕೆ ತಾನಾಗಿಯೇ ಸರಿಯಿರುತ್ತದೆ' ಎಂದು ಹೇಳಿ ಸಹಿ ಹಾಕಿಸಿಕೊಂಡರು. ಜೀರೋ ಮಾಡುವುದೆಂದರೆ, ಸ್ಕೋಪಿನಲ್ಲಿ ಗುರಿಯಿಟ್ಟ ಜಾಗಕ್ಕೇ ಆ ದೂರದಲ್ಲಿ ಡಾರ್ಟ್ ಬೀಳುವಂತೆ ಹೊಂದಿಸುವುದು. ಮಾತು ನನಗೂ ಸರಿಯೆನಿಸಿತು. ಭತ್ತದ ಹುಲ್ಲು ತುಂಬಿದ ಗೋಣಿಚೀಲವನ್ನು ಮೈದಾನದಲ್ಲಿ ನಿಲ್ಲಿಸಿ, ಮೂವತ್ತು ಮೀಟರ್ ಅಳೆದು, ಅವರು ಗುರುತು ಮಾಡಿಕೊಟ್ಟ ಒತ್ತಡದಲ್ಲೇ ನಾಲ್ಕು ಡಾರ್ಟ್ ಹೊಡೆದೆ. ನಾಲ್ಕೂ ಅಂಗೈಯಗಲದೊಳಗೆ ಬಿದ್ದವು. ಅಷ್ಟಕ್ಕೇ ತೃಪ್ತನಾಗಿ ಬಂದೂಕನ್ನು ಪೆಟ್ಟಿಗೆಗೆ ಸೇರಿಸಿದೆ. ಹದಿನೈದು ಮೀಟರಿನಿಂದ ಒಂದನ್ನಾದರೂ ಹೊಡೆದು ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಮೊದಲ ಕರೆ ಬಂದದ್ದು ಒಂದು ಹೆಣ್ಣು ಚಿರತೆಗಾಗಿ. ಬೇಲಿಯ ಉರುಳು ಅದರ ಸೊಂಟಕ್ಕೆ ಬಿಗಿದಿತ್ತು. ಎರಡು ಬಂಡೆಗಳ ನಡುವೆ ಅಡಗಿ ಕುಳಿತಿದ್ದ ಅದು ಜನರ ಸದ್ದಾದಾಗಲೆಲ್ಲ ಎದ್ದು ತಂತಿಯನ್ನು ಜಗ್ಗುತ್ತಿತ್ತು. ಹಳ್ಳದ ಈಚೆ ದಡದಿಂದ ನೋಡಿದಾಗ ದೂರ ಇಪ್ಪತ್ತೈದು ಮೀಟರಿಗೆ ಕಡಿಮೆಯಿಲ್ಲ ಎಂದು ನನ್ನ ಕಣ್ಣು ಹೇಳಿತು. ಹಿಂಗಾಲಿನ ತೊಡೆಯ ನಡುಭಾಗಕ್ಕೆ ಗುರಿಯಿಟ್ಟು ಹೊಡೆದೆ. ಡಾರ್ಟ್ ಅದರ ಬೆನ್ನಿನ ಮೇಲಿಂದ ಹಾದು ಹಿಂದಿನ ಬಂಡೆಗೆ ಬಡಿಯಿತು, ಚಿರತೆ ತಂತಿ ಕಿತ್ತುಬರುವಷ್ಟು ರಭಸದಿಂದ ನಮ್ಮ ಕಡೆಗೆ ನೆಗೆಯಿತು. ತಂತಿ ಹಿಡಿದುಕೊಂಡಿತು ಎಂಬುದನ್ನು ಬಿಟ್ಟರೆ ಆ ಕ್ಷಣದಲ್ಲಿ ನಮ್ಮನ್ನು ಕಾಪಾಡುವಂಥದ್ದು ಬೇರೇನೂ ಇರಲಿಲ್ಲ. ಅದು ಮತ್ತೆ ಕುಳಿತುಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಎರಡನೆಯ ಡಾರ್ಟನ್ನು, ಯಾವ ಲೆಕ್ಕವೂ ಇಲ್ಲದೆ, ಒಂದು ಗೇಣು ಕೆಳಗೆ ಗುರಿಯಿಟ್ಟು ಹೊಡೆದೆ; ತೊಡೆಗೆ ನಾಟಿತು. ಎಲ್ಲ ಮುಗಿದು, ಪ್ರಾಣಿಯನ್ನು ಪಂಜರಕ್ಕೆ ಸೇರಿಸಿದ ಮೇಲೆ, ನಾನು ನಿಂತಿದ್ದ ಕಲ್ಲಿನಿಂದ ಅದು ಕುಳಿತಿದ್ದ ಜಾಗಕ್ಕೆ ಟೇಪ್ ಹಿಡಿದು ಅಳೆದೆವು. ಹದಿನಾರು ಮೀಟರ್ ಬಂತು.

ಕಣ್ಣಳತೆ ತಪ್ಪಿತ್ತು, ನಿಜ. ಬಂಡೆಗಳ ನಡುವೆ, ಹಳ್ಳದ ಆಚೆಗೆ ನೋಡುವಾಗ ದೂರ ಹೆಚ್ಚಾಗಿ ಕಾಣುತ್ತದೆಂಬುದನ್ನು ಆಮೇಲೆ ಹಲವು ಸಲ ಕಂಡಿದ್ದೇನೆ. ಆದರೆ 'ಹತ್ತಿರಕ್ಕೆ ತಾನಾಗಿಯೇ ಸರಿಯಿರುತ್ತದೆ' ಎಂಬ ಮಾತು ನಿಜವಾಗಿದ್ದಿದ್ದರೆ ಕಣ್ಣಳತೆಯ ತಪ್ಪಿನಿಂದ ಯಾವ ಹಾನಿಯೂ ಆಗಬಾರದಿತ್ತು. ಈ ಗೊಂದಲವನ್ನು ಬಿಡಿಸಿದವರು ಸೈನ್ಯದಲ್ಲಿ ಆಯುಧ ದುರಸ್ತಿಯ ಕೆಲಸ ಮಾಡಿ ನಿವೃತ್ತರಾಗಿ ಕುಷ್ಟಗಿ ಕಡೆಯ ಊರಿನಲ್ಲಿ ಕುರಿ ಸಾಕಿಕೊಂಡಿರುವ ಹಿರಿಯರೊಬ್ಬರು. ಕುರಿಗಳಿಗೆ ಲಸಿಕೆ ಹಾಕಲು ಹೋದಾಗ ಈ ಪ್ರಸಂಗವನ್ನು ಹೇಳಿದೆ. ಅವರು ನಕ್ಕು, 'ಸಾಹೇಬ್ರ, ಗುಂಡು ನೆಟ್ಟಗ ಹೋಗತೈತಿ ಅಂತ ನಿಮಗ ಯಾರು ಹೇಳ್ಯಾರ? ಒಗದ ಕಲ್ಲು ಹೆಂಗ ಬೀಳತೈತಿ, ಅದೂ ಹಂಗ ಬೀಳತೈತಿ. ಲಗೂನ ಹೋಗತೈತಿ, ಅಷ್ಟ' ಎಂದರು.

ಅವರು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸ್ಕೋಪಿನ ಮೂಲಕ ನಾವು ನೋಡುವ ಗೆರೆ ನೇರವಾದದ್ದು. ನಳಿಕೆ ಆ ಗೆರೆಗಿಂತ ನಾಲ್ಕೈದು ಸೆಂಟಿಮೀಟರ್ ಕೆಳಗೆ, ತುಸು ಮೇಲ್ಮುಖವಾಗಿ ಇರುತ್ತದೆ. ಹೊರಬಿದ್ದ ಗುಂಡು ಆ ಗೆರೆಯನ್ನು ಹತ್ತಿರದಲ್ಲೊಮ್ಮೆ ಕೆಳಗಿನಿಂದ ದಾಟಿ, ಸ್ವಲ್ಪ ದೂರ ಅದರ ಮೇಲೆ ಸಾಗಿ, ಮತ್ತೆ ಇಳಿದು ಇನ್ನೊಮ್ಮೆ ದಾಟುತ್ತದೆ. ಆ ಎರಡನೆಯ ದಾಟುವಿಕೆ ಎಷ್ಟು ದೂರದಲ್ಲಿ ಆಗಬೇಕೆಂದು ನಿರ್ಧರಿಸುವುದೇ ಜೀರೋ ದೂರದ ಆಯ್ಕೆ. ಎರಡು ದಾಟುವಿಕೆಗಳ ನಡುವೆ ಗುಂಡು ಗುರಿಗಿಂತ ಮೇಲೆಯೇ ಇರುತ್ತದೆ. ಎಷ್ಟು ಮೇಲೆ ಎಂಬುದು ಅದರ ವೇಗಕ್ಕೆ ಬಿಟ್ಟದ್ದು.

ಬೇಟೆಗೆ ಕಾನೂನಿನ ಅವಕಾಶವಿರುವ ಅಮೆರಿಕದಂಥ ದೇಶಗಳಲ್ಲಿ ಎಲ್ಕ್, ಮೂಸ್‌ನಂಥ ದೊಡ್ಡ ಪ್ರಾಣಿಗಳಿಗೆ ಬಳಸುವ ಥರ್ಟಿ-ಆಟ್-ಸಿಕ್ಸ್ ರೈಫಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ 180 ಗ್ರೇನ್ (ಸುಮಾರು 12 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ ಜೀರೋ ಮಾಡಿದರೆ 100 ಗಜದಲ್ಲಿ ಸುಮಾರು 2 ಇಂಚು ಮೇಲೆ, 250 ಗಜದಲ್ಲಿ 3ರಿಂದ 4 ಇಂಚು ಕೆಳಗೆ ಬೀಳುತ್ತದೆ. ಅಂಥ ಪ್ರಾಣಿಯ ಹೃದಯ ಮತ್ತು ಶ್ವಾಸಕೋಶದ ಭಾಗವು 8 ಇಂಚಿಗಿಂತ ಅಗಲವಾದದ್ದರಿಂದ, ಬೇಟೆಗಾರನು 250 ಗಜದವರೆಗೆ ಗುರಿಯನ್ನು ಮೇಲೆ ಕೆಳಗೆ ಸರಿಸದೆ ನಡುವಿಗೇ ಹಿಡಿದು ಹೊಡೆಯಬಹುದು. ದೂರಕ್ಕೆ ಸರಿಯಿದ್ದರೆ ಹತ್ತಿರಕ್ಕೂ ಸರಿ ಎಂಬ ಮಾತು ಹುಟ್ಟಿದ್ದು ಇಲ್ಲಿರಬೇಕು, ಮತ್ತು ಇಲ್ಲಿ ಅದು ಬಹುಮಟ್ಟಿಗೆ ನಿಜ. 300 ಗಜಕ್ಕೆ ಬಂದಾಗ ಗುಂಡು 8-9 ಇಂಚು ಇಳಿದಿರುತ್ತದೆ, ಆ ಮಾತು ಅಲ್ಲಿಗೆ ಮುಗಿಯುತ್ತದೆ. ಆಫ್ರಿಕಾದ ಪೊದೆಗಾಡಿನಲ್ಲಿ ಕಾಡೆಮ್ಮೆಯನ್ನು ನೂರು ಗಜದೊಳಗೇ ಎದುರಿಸುವವರು ಭಾರವಾದ ಗುಂಡನ್ನು ಬಳಸುತ್ತಾರೆ, ಜೀರೋವನ್ನೂ ಹತ್ತಿರಕ್ಕೇ ಇಟ್ಟುಕೊಳ್ಳುತ್ತಾರೆ.

ನಮ್ಮ ಡಾರ್ಟ್ ಗುಂಡಲ್ಲ. ಹಿಂದೆ ಜುಟ್ಟು, ಮುಂದೆ ಸೂಜಿ ಇರುವ, ಔಷಧಿ ತುಂಬಿದ ಸಿರಿಂಜು. ಮೂವತ್ತು ಮೀಟರಿಗೆಂದು ಗುರುತು ಮಾಡಿದ್ದ ಒತ್ತಡದಲ್ಲಿ ಅದರ ವೇಗ ಸೆಕೆಂಡಿಗೆ ಸರಿಸುಮಾರು 60 ಮೀಟರ್ ಇದ್ದಿರಬೇಕು. ಗಾಳಿಯ ತಡೆಯನ್ನು ಬದಿಗಿಟ್ಟು ಪಿಯುಸಿ ಭೌತಶಾಸ್ತ್ರದ ಸೂತ್ರದಿಂದಲೇ ಲೆಕ್ಕ ಹಾಕಿ ನೋಡಿದೆ. ಆ ವೇಗದ ಡಾರ್ಟ್ 30 ಮೀಟರ್ ಸಾಗಲು ಅರ್ಧ ಸೆಕೆಂಡು ಬೇಕು, ಅಷ್ಟರಲ್ಲಿ ಅದು ಸುಮಾರು 122 ಸೆಂಟಿಮೀಟರ್ ಇಳಿಯುತ್ತದೆ. ಆ ಇಳಿತವನ್ನು ತುಂಬುವಷ್ಟು ನಳಿಕೆಯನ್ನು ಮೇಲೆತ್ತಿದರೆ 20 ಮೀಟರಿನಲ್ಲಿ ಡಾರ್ಟ್ ಗುರಿಗಿಂತ 25 ಸೆಂಟಿಮೀಟರ್ ಮೇಲೆ, 16 ಮೀಟರಿನಲ್ಲಿ 28 ಸೆಂಟಿಮೀಟರ್ ಮೇಲೆ ಇರುತ್ತದೆ. ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ನಾನು ಗಾಬರಿಯಲ್ಲಿ ಇಳಿಸಿದ ಒಂದು ಗೇಣು ಲೆಕ್ಕಕ್ಕೆ ಇಷ್ಟು ಹತ್ತಿರವಾಗಿದ್ದುದು ಅದೃಷ್ಟವೇ ಹೊರತು ಜಾಣ್ಮೆಯಲ್ಲ.

ಹಿರಿಯರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: ನೀವು ನಿಜವಾಗಿ ಎಷ್ಟು ದೂರದಿಂದ ಹೊಡೆಯುತ್ತೀರಿ? ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪ್ರತಿ ಕಾರ್ಯಾಚರಣೆ ಮುಗಿದ ಮೇಲೂ ಟೇಪ್ ಹಿಡಿದು ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಅರಣ್ಯ ಇಲಾಖೆಯ ವಾಚರುಗಳಿಗೆ ಇದು ವಿಚಿತ್ರವಾಗಿ ಕಂಡಿತು. ಪ್ರಾಣಿ ಹೋದ ಮೇಲೆ ಡಾಕ್ಟರು ಖಾಲಿ ನೆಲವನ್ನು ಅಳೆಯುತ್ತಾರೆ ಎಂಬ ತಮಾಷೆ ಕೆಲಕಾಲ ನಡೆಯಿತು. ಎರಡು ವರ್ಷಗಳ ಬರಹವನ್ನು ನೋಡಿದಾಗ ಉರುಳಿಗೆ ಸಿಕ್ಕ ಪ್ರಾಣಿಗಳಿಗೆ 12ರಿಂದ 20 ಮೀಟರ್, ಗವಿ ಅಥವಾ ಬಂಡೆಸಂದಿಯಲ್ಲಿ ಅಡಗಿದವಕ್ಕೆ 10ರಿಂದ 15, ಬಾವಿಗೆ ಬಿದ್ದ ಕರಡಿಗೆ 8ರಿಂದ 12 ಮೀಟರ್ ದೂರದಿಂದ ಹೊಡೆದದ್ದು ಕಂಡಿತು. ಮೂವತ್ತು ಮೀಟರಿನ ಒಂದೇ ಒಂದು ಹೊಡೆತವೂ ಆ ಪುಸ್ತಕದಲ್ಲಿ ಇರಲಿಲ್ಲ. ಎಂದೂ ಹೊಡೆಯದ ದೂರಕ್ಕೆ ಜೀರೋ ಮಾಡಿದ ಬಂದೂಕನ್ನು ನಾವು ಹೊತ್ತು ತಿರುಗುತ್ತಿದ್ದೆವು.

ಆದ್ದರಿಂದ ಜೀರೋವನ್ನು 20 ಮೀಟರಿಗೆ ತಂದೆ, ಒತ್ತಡವನ್ನೂ ಇಳಿಸಿದೆ. ಈ ಎರಡನೆಯ ಬದಲಾವಣೆ ಮೊದಲನೆಯದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ಗುಂಡಿನ ಬಂದೂಕಿನಲ್ಲಿ ವೇಗ ತೋಟಾದೊಳಗೇ ನಿಶ್ಚಯವಾಗಿರುವುದರಿಂದ ಬೇಟೆಗಾರನು ಗುರಿಯನ್ನಷ್ಟೇ ಸರಿಸಬಲ್ಲ. ಅನಿಲದ ಬಂದೂಕಿನಲ್ಲಿ ಗುರಿಯನ್ನು ಹಾಗೆಯೇ ಇಟ್ಟು ವೇಗವನ್ನು ಬದಲಿಸಬಹುದು. 20 ಮೀಟರಿಗೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಜೀರೋ ಮಾಡಿದ್ದೇವೆಂದುಕೊಳ್ಳಿ. ಅದೇ ಒತ್ತಡದಲ್ಲಿ 10 ಮೀಟರಿನಿಂದ ಹೊಡೆದರೆ ಡಾರ್ಟ್ ಸುಮಾರು 17 ಸೆಂಟಿಮೀಟರ್ ಮೇಲೆ ಹೋಗುತ್ತದೆ; ವೇಗವನ್ನು 36ರ ಹತ್ತಿರಕ್ಕೆ ಇಳಿಸಿದರೆ ಸ್ಕೋಪನ್ನು ಮುಟ್ಟದೆಯೇ ಗುರಿಯಿಟ್ಟಲ್ಲಿಗೆ ಸೇರುತ್ತದೆ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಅದೂ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ವೈದ್ಯನಿಗೆ ಇದು ಸಣ್ಣ ವಿಷಯವಲ್ಲ. ಹತ್ತಿರದಿಂದ ಅತಿ ಒತ್ತಡದಲ್ಲಿ ಹೊಡೆದ ಡಾರ್ಟ್ ಸ್ನಾಯುವನ್ನು ಜಜ್ಜುತ್ತದೆ, ಮೂಳೆಯನ್ನು ಮುರಿಯಬಲ್ಲದು, ಗುರಿ ತಪ್ಪಿದರೆ ಹೊಟ್ಟೆಯೊಳಗೂ ಇಳಿಯಬಲ್ಲದು. ಮೂವತ್ತು ಮೀಟರಿನ ಒತ್ತಡದಲ್ಲಿ ಹದಿನಾರು ಮೀಟರಿನಿಂದ ಹೊಡೆದ ನನ್ನ ಎರಡನೆಯ ಡಾರ್ಟ್ ಆ ಚಿರತೆಯ ತೊಡೆಯಲ್ಲಿ ಎಬ್ಬಿಸಿದ್ದ ಬಾವನ್ನು ನಾನೇ ಪಂಜರದ ಸರಳುಗಳ ನಡುವಿನಿಂದ ನೋಡಿದ್ದೇನೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 11ನೇ ವಿಧಿಯ ಪ್ರಕಾರ ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಆದೇಶಿಸುವ ಮೊದಲು ಅದನ್ನು ಸೆರೆಹಿಡಿಯಲು, ಅರಿವಳಿಕೆ ಕೊಡಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂಬುದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಬೇಕು. ಚಿರತೆ, ಕರಡಿ ಎರಡೂ ಆ ಅನುಸೂಚಿಯಲ್ಲಿವೆ. ಪ್ರಾಣಿಯನ್ನು ಉಳಿಸಲೆಂದು ಇರುವ ಸಾಧನವೇ ಅದರ ತೊಡೆಮೂಳೆ ಮುರಿದರೆ ಈ ವಿಧಿಗೆ ಏನು ಅರ್ಥ ಉಳಿದೀತು?

ಅಭ್ಯಾಸದಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಖಾಲಿ ಡಾರ್ಟುಗಳನ್ನು ಹೊಡೆಯುತ್ತಿದ್ದುದು. ಔಷಧಿ ತುಂಬಿದ ಡಾರ್ಟ್ ಭಾರವಾದದ್ದರಿಂದ ಅದೇ ಒತ್ತಡದಲ್ಲಿ ನಿಧಾನವಾಗಿ ಹೊರಟು ಹೆಚ್ಚು ಇಳಿಯುತ್ತದೆ. ಈಗ ಅಭ್ಯಾಸದ ಡಾರ್ಟಿಗೂ ಔಷಧಿಯಷ್ಟೇ ನೀರು ತುಂಬುತ್ತೇನೆ, ಡಾರ್ಟಿನ ಅಳತೆ ಬದಲಾದರೆ ಜೀರೋವನ್ನು ಮತ್ತೆ ಪರೀಕ್ಷಿಸುತ್ತೇನೆ. ನಮ್ಮ ಸೀಮೆಯ ಬಿಸಿಲಿನದೂ ಒಂದು ತಕರಾರಿದೆ. ಅನಿಲವು ಸಿಲಿಂಡರಿನಿಂದ ಬಂದೂಕಿಗೆ ಹರಿಯುವಾಗ ತಣ್ಣಗಾಗುತ್ತದೆ. ಆಮೇಲೆ ಏಪ್ರಿಲ್ ತಿಂಗಳ ಕಾದ ಬಂಡೆಯ ಮೇಲೆ ಹತ್ತು ನಿಮಿಷ ಕಾಯುವಾಗ ಮತ್ತೆ ಬಿಸಿಯಾಗಿ ಒತ್ತಡದ ಮುಳ್ಳು ತಾನಾಗಿಯೇ ಮೇಲೇರುತ್ತದೆ. ಒತ್ತಡವನ್ನು ಒಮ್ಮೆ ಹೊಂದಿಸಿಟ್ಟು ಪ್ರಾಣಿಯ ಮೇಲಷ್ಟೇ ಕಣ್ಣಿಟ್ಟವನು ತಾನು ಬೇರೊಂದು ದೂರದ ಒತ್ತಡದಲ್ಲಿ ಹೊಡೆಯುತ್ತಿದ್ದೇನೆಂಬುದನ್ನು ಅರಿಯುವುದೇ ಇಲ್ಲ. ಅದಕ್ಕೆಂದೇ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮೊದಲು ಮುಳ್ಳನ್ನು ಓದಿ ಹೇಳಲು ಒಬ್ಬ ಗಾರ್ಡನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ಬಂದೂಕಿನ ಮೇಲೆ ಒದ್ದೆ ಟವೆಲ್ ಹೊದಿಸಿರುತ್ತೇನೆ.

ಬಾವಿಯ ವಿಷಯ ಬೇರೆಯೇ. ನೀರಿರುವ ಬಾವಿಯಲ್ಲಿ ಡಾರ್ಟ್ ಹೊಡೆದರೆ ಮಂಪರು ಹತ್ತಿದ ಕರಡಿ ಮುಳುಗಿಹೋಗುತ್ತದೆ, ಅಲ್ಲಿ ಮೊದಲು ಏಣಿಯೋ ಬಲೆಯೋ ಬೇಕು. ಒಣ ಬಾವಿಯಾದರೆ ಮೇಲಿನಿಂದ ಕೆಳಕ್ಕೆ ಕಡಿದಾಗಿ ಹೊಡೆಯಬೇಕಾಗುತ್ತದೆ, ಆಗ ಗುರುತ್ವವು ಡಾರ್ಟಿನ ಹಾದಿಗೆ ಅಡ್ಡಲಾಗಿ ಎಳೆಯುವುದು ಕಡಿಮೆ. ಅರವತ್ತು ಡಿಗ್ರಿ ಇಳಿಜಾರಿನಲ್ಲಿ ಇಳಿತ ಸಮನೆಲದ ಅರ್ಧದಷ್ಟೇ ಇರುವುದರಿಂದ ಡಾರ್ಟ್ ಗುರಿಗಿಂತ ಮೇಲೆ ಬೀಳುತ್ತದೆ. ಕರಡಿಯ ಭುಜಕ್ಕೆ ಗುರಿಯಿಟ್ಟಾಗ ಆ 'ಮೇಲೆ' ಎಂಬುದು ತಲೆಯೂ ಆಗಬಹುದು. ಆದ್ದರಿಂದ ಬಾವಿಗೆಂದೇ ಬೇರೆ ಒತ್ತಡವನ್ನು ಗುರುತಿಸಿಕೊಂಡಿದ್ದೇನೆ. ಅದನ್ನು ನೀರಿನ ಟ್ಯಾಂಕಿನ ಮೇಲೆ ನಿಂತು, ಕೆಳಗಿಟ್ಟ ಅದೇ ಹುಲ್ಲಿನ ಚೀಲಕ್ಕೆ ಹೊಡೆದು ಗೊತ್ತುಮಾಡಿದ್ದು.

ಮೂವತ್ತು ಮೀಟರಿನಾಚೆ ಹೊಡೆಯುವುದಿಲ್ಲವೆಂದು ನಾನು ಹೇಳಿದಾಗ ಕೆಲವರು ಅಸಮಾಧಾನಪಟ್ಟಿದ್ದಾರೆ. ಸುತ್ತ ಸಾವಿರ ಜನ ಸೇರಿ ಮೊಬೈಲ್ ಎತ್ತಿ ನಿಂತಿರುವಾಗ, ಹತ್ತಿರ ಹೋಗುವ ದಾರಿ ಸಿಗುವವರೆಗೆ ಕಾಯೋಣ ಎನ್ನುವ ಡಾಕ್ಟರು ಅಂಜುಬುರುಕನಂತೆ ಕಾಣುತ್ತಾನೆ. ಜನರನ್ನು ಹಿಂದಕ್ಕೆ ಕಳಿಸಿ ಎಂಬುದಷ್ಟೇ ಆಗ ನನ್ನ ಉತ್ತರ; ಅವರು ದೂರ ಸರಿದರೆ ಚಿರತೆ ಸುಮ್ಮನೆ ಕೂರುತ್ತದೆ, ಅದು ಕೂತರೆ ನಾನು ಇಪ್ಪತ್ತು ಮೀಟರಿಗೆ ಹೋಗಬಲ್ಲೆ.

ಕಳೆದ ಬೇಸಿಗೆಯಲ್ಲಿ ನನಗೆ ವರ್ಗವಾಯಿತು. ಹೊಸದಾಗಿ ಬಂದ ಕಿರಿಯ ವೈದ್ಯರಿಗೆ ಬಂದೂಕು ಒಪ್ಪಿಸುವಾಗ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿದೆ: ಜೀರೋ 20 ಮೀಟರ್, 10, 15, 20, 25 ಮೀಟರಿನ ಒತ್ತಡಗಳು, ಬಾವಿಯ ಒತ್ತಡ, ಡಾರ್ಟಿನ ಅಳತೆ, ಪರೀಕ್ಷಿಸಿದ ದಿನಾಂಕ. ಅವರು ಪೆನ್ನು ತೆಗೆದು ಸಹಿಗೆ ಸಿದ್ಧರಾದರು. ಮೊದಲು ನೀರು ತುಂಬಿದ ಡಾರ್ಟುಗಳಲ್ಲಿ ಇಪ್ಪತ್ತು ಮೀಟರಿನಿಂದ ಮೂರು, ಹತ್ತು ಮೀಟರಿನಿಂದ ಮೂರು ಹೊಡೆದು ನೋಡಿ ಎಂದೆ. ಅಂದು ಸಂಜೆ ಗಾಳಿ ಜೋರಾಗಿತ್ತು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಮೈದಾನಕ್ಕೆ ಹೋಗಿ ಆರನ್ನೂ ಹೊಡೆದರು. ಹತ್ತು ಮೀಟರಿನ ಮೂರೂ ನಾಲ್ಕು ಬೆರಳು ಮೇಲೆ ಬಿದ್ದವು. ಕಾಗದದ ಮೇಲೆ ನಾನು ಬರೆದಿದ್ದ ಒತ್ತಡವನ್ನು ಅವರು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಅಂಕಿ ಬರೆದು, ಆಮೇಲೆ ಸಹಿ ಮಾಡಿದರು.