ದೇವಸ್ಥಾನಕ್ಕೆ ಕೊಟ್ಟ ಹಣ, ಸೇವೆಗೆ ಓಡಿದ ಮೈಲಿ: ಅಮೆರಿಕದ ತೆರಿಗೆ ಲೆಕ್ಕದಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ

ಫೆಬ್ರವರಿ ಬಂತೆಂದರೆ ಅಮೆರಿಕದ ಹಿಂದೂ ದೇವಸ್ಥಾನಗಳಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಸ್ವಯಂಸೇವಕರಿಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಕಳೆದ ವರ್ಷ ಮಾಡಿಸಿದ ಸತ್ಯನಾರಾಯಣ ಪೂಜೆಯ ಹಣಕ್ಕೆ ತೆರಿಗೆಯಲ್ಲಿ ಕಡಿತ ಸಿಗುತ್ತದೆಯೇ, ಹುಂಡಿಗೆ ಹಾಕಿದ್ದನ್ನು ತೋರಿಸಬಹುದೇ, ವಾರವಾರ ಅಡುಗೆ ಸೇವೆಗೆಂದು ಕಾರಿನಲ್ಲಿ ಬಂದು ಹೋದ ಖರ್ಚನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಜನ ಕೇಳುತ್ತಾರೆ. ಅಂಥದೊಂದು ಸಮಿತಿಯಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ನನಗೆ ಈ ಪ್ರಶ್ನೆಗಳಿಗೆ ಒಂದು ಕಡೆ ವಿವರವಾಗಿ ಉತ್ತರ ಬರೆದಿಡಬೇಕು ಎನ್ನಿಸಿ ಬಹಳ ದಿನವಾಯಿತು. ನಮ್ಮವರು ಧಾರಾಳವಾಗಿ ಕೊಡುತ್ತಾರೆ, ಆದರೆ ದೇವರಿಗೆ ಕೊಟ್ಟದ್ದಕ್ಕೆ ರಸೀದಿ ಕೇಳುವುದು ಸರಿಯಲ್ಲ ಎಂಬ ಸಂಕೋಚದಲ್ಲಿ ಕಾಗದಪತ್ರವನ್ನು ಕೈಬಿಡುತ್ತಾರೆ. ಈ ಸಂಕೋಚವನ್ನು ನಾನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಕಾನೂನು ನಮ್ಮ ಭಕ್ತಿಯನ್ನು ಅಳೆಯುವುದಿಲ್ಲ. ಯಾರಿಗೆ ಕೊಟ್ಟಿರಿ, ಬದಲಿಗೆ ಏನು ಪಡೆದಿರಿ, ಅದಕ್ಕೆ ದಾಖಲೆ ಏನಿದೆ ಎಂದಷ್ಟೇ ಕೇಳುತ್ತದೆ.

ಮೊದಲು ತಿಳಿಯಬೇಕಾದದ್ದು, ಈ ಕಡಿತ, ಅಂದರೆ ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ, ಎಲ್ಲರಿಗೂ ಉಪಯೋಗಕ್ಕೆ ಬರುವುದಿಲ್ಲ ಎಂಬುದು. ದಾನದ ಕಡಿತವನ್ನು ಶೆಡ್ಯೂಲ್ ಎ ಎಂಬ ಪಟ್ಟಿಯಲ್ಲಿ, ಗೃಹಸಾಲದ ಬಡ್ಡಿ, ರಾಜ್ಯದ ತೆರಿಗೆ ಮೊದಲಾದವುಗಳ ಜೊತೆಗೆ ತೋರಿಸಬೇಕು. ಆ ಪಟ್ಟಿಯ ಒಟ್ಟು ಮೊತ್ತ ಎಲ್ಲರಿಗೂ ತಾನಾಗಿಯೇ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್‌ಗಿಂತ ಹೆಚ್ಚಾದರೆ ಮಾತ್ರ ಪ್ರಯೋಜನ. 2025ರ ಆದಾಯಕ್ಕೆ ಅದು ಒಬ್ಬರಿಗೆ 15,750 ಡಾಲರ್, ಜಂಟಿಯಾಗಿ ರಿಟರ್ನ್ ಸಲ್ಲಿಸುವ ದಂಪತಿಗೆ 31,500 ಡಾಲರ್. ಬಾಡಿಗೆ ಮನೆಯಲ್ಲಿರುವ, ವರ್ಷಕ್ಕೆ ಸಾವಿರ ಡಾಲರ್ ದೇವಸ್ಥಾನಕ್ಕೆ ಕೊಡುವ ಕುಟುಂಬಕ್ಕೆ 2025ರ ಲೆಕ್ಕದಲ್ಲಿ ಅದರಿಂದ ತೆರಿಗೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೊಸ ಕಾನೂನೊಂದು 2026ರಿಂದ ಇದನ್ನು ಬದಲಾಯಿಸಿದೆ. ಪಟ್ಟಿ ಸಲ್ಲಿಸದವರೂ ನಗದಾಗಿ ಕೊಟ್ಟ ದಾನದಲ್ಲಿ ಒಬ್ಬರಿಗೆ 1,000 ಡಾಲರ್, ದಂಪತಿಗೆ 2,000 ಡಾಲರ್‌ವರೆಗೆ ಕಳೆಯಬಹುದು. ಚೆಕ್, ಕಾರ್ಡ್ ಇವೂ ಇಲ್ಲಿ ನಗದೇ. ಅದೇ ಕಾನೂನು ಪಟ್ಟಿ ಸಲ್ಲಿಸುವವರಿಗೆ ಒಂದು ಕತ್ತರಿಯನ್ನೂ ಹಾಕಿದೆ: ಆದಾಯದ ಶೇಕಡ 0.5ರಷ್ಟು ದಾನ ಮೊದಲು ಲೆಕ್ಕದಿಂದ ಹೋಗುತ್ತದೆ. ಒಂದೂವರೆ ಲಕ್ಷ ಡಾಲರ್ ಆದಾಯದವರಿಗೆ ಮೊದಲ 750 ಡಾಲರ್ ದಾನಕ್ಕೆ ಕಡಿತವಿಲ್ಲ. ಗೋಪುರಕ್ಕೋ ಪಾಕಶಾಲೆಗೋ ಎರಡು ಮೂರು ವರ್ಷಗಳಲ್ಲಿ ಕೊಡಬೇಕೆಂದಿರುವವರು ಆ ಹಣವನ್ನು ಒಂದೇ ವರ್ಷದಲ್ಲಿ ಕೊಟ್ಟು ಆ ವರ್ಷ ಪಟ್ಟಿ ಸಲ್ಲಿಸುವುದು ಜಾಣತನ. ವಾಗ್ದಾನಕ್ಕೆ ಕಡಿತವಿಲ್ಲ, ಹಣ ಸಂದಾಯವಾದ ವರ್ಷಕ್ಕೆ ಮಾತ್ರ ಉಂಟು.

ಇನ್ನು ದಾಖಲೆಯ ವಿಷಯ. ಎಷ್ಟೇ ಚಿಕ್ಕ ಮೊತ್ತವಾದರೂ ನಗದು ದಾನಕ್ಕೆ ಬ್ಯಾಂಕಿನ ದಾಖಲೆ ಅಥವಾ ಸಂಸ್ಥೆಯ ಲಿಖಿತ ಪತ್ರ ಇರಲೇಬೇಕು. ಹುಂಡಿಗೆ ಹಾಕಿದ ನೋಟಿಗೆ ಎರಡೂ ಇರುವುದಿಲ್ಲವಾದ್ದರಿಂದ ಅದು ದೇವರಿಗೆ ಸಂದಿತು, ತೆರಿಗೆ ಲೆಕ್ಕಕ್ಕೆ ಸಲ್ಲದು. ಒಂದೇ ಸಲಕ್ಕೆ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟಾಗ ನಿಯಮ ಇನ್ನೂ ಬಿಗಿಯಾಗುತ್ತದೆ. ಆಗ ಬ್ಯಾಂಕು ಪಾವತಿ ಮಾಡಿದ ಚೆಕ್ಕಿನ ಪ್ರತಿಯೊಂದೇ ಸಾಲದು. ಸಂಸ್ಥೆ ಕೊಟ್ಟ ಪತ್ರದಲ್ಲಿ ಮೊತ್ತದ ಜೊತೆಗೆ, ದಾನಿಗೆ ಬದಲಿಯಾಗಿ ಯಾವ ವಸ್ತುವನ್ನಾಗಲಿ ಸೇವೆಯನ್ನಾಗಲಿ ಕೊಟ್ಟಿಲ್ಲ ಎಂಬ ವಾಕ್ಯ, ಅಥವಾ ಕೊಟ್ಟದ್ದಿದ್ದರೆ ಅದರ ವಿವರ ಮತ್ತು ಅಂದಾಜು ಬೆಲೆ ಇರಬೇಕು. ಆ ಪತ್ರ ರಿಟರ್ನ್ ಸಲ್ಲಿಸುವ ದಿನ ಅಥವಾ ಅದಕ್ಕಿರುವ ಕೊನೆಯ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದರೊಳಗೆ ದಾನಿಯ ಕೈಯಲ್ಲಿರಬೇಕು.

ಒಂದು ವಾಕ್ಯಕ್ಕೆ ಇಷ್ಟು ಮಹತ್ವವೇ ಎಂದು ಕೇಳುವವರಿಗೆ ನಾನು 2012ರ ಒಂದು ಟ್ಯಾಕ್ಸ್ ಕೋರ್ಟ್ ತೀರ್ಪನ್ನು ನೆನಪಿಸುತ್ತೇನೆ. ದಂಪತಿಯೊಬ್ಬರು 2007ರಲ್ಲಿ ತಮ್ಮ ಚರ್ಚಿಗೆ ಇಪ್ಪತ್ತೆರಡು ಸಾವಿರ ಡಾಲರ್‌ಗೂ ಹೆಚ್ಚು ಹಣವನ್ನು ಬಹುಪಾಲು ಚೆಕ್ಕಿನ ಮೂಲಕ ಕೊಟ್ಟಿದ್ದರು. ಕೊಟ್ಟದ್ದು ನಿಜವೆಂಬುದರ ಬಗ್ಗೆ ತಕರಾರಿರಲಿಲ್ಲ, ಚರ್ಚು ಸಕಾಲದಲ್ಲಿ ಪತ್ರವನ್ನೂ ಕೊಟ್ಟಿತ್ತು. ಆದರೆ ಆ ಪತ್ರದಲ್ಲಿ ವಸ್ತು ಅಥವಾ ಸೇವೆಯ ಕುರಿತ ವಾಕ್ಯ ಇರಲಿಲ್ಲ. ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ಕಡಿತವನ್ನು ತಿರಸ್ಕರಿಸಿದ ಮೇಲೆ ಅವರು ಎರಡನೆಯ ಪತ್ರ ತಂದರು. ಅದರಲ್ಲಿ ವಾಕ್ಯವಿತ್ತು, ಅವಧಿ ಮೀರಿತ್ತು. ನ್ಯಾಯಾಲಯ ಎರಡನ್ನೂ ಒಪ್ಪದೆ ಕಡಿತವನ್ನು ನಿರಾಕರಿಸಿತು. ತಪ್ಪು ಪತ್ರ ಬರೆದವರದು, ನಷ್ಟ ದಾನಿಯದು. ದೇವಸ್ಥಾನದ ಖಜಾಂಚಿಯಾದವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಜನವರಿ ಮುಗಿಯುವುದರೊಳಗೆ ಸರಿಯಾದ ಪತ್ರ ಕಳಿಸುವುದು ಅವರ ಸೇವೆಯ ಭಾಗವೇ ಆಗಿದೆ ಎಂದು ನಾನು ತಿಳಿದಿದ್ದೇನೆ.

ಪೂಜೆ, ಅರ್ಚನೆ, ಅಭಿಷೇಕಗಳಿಗೆ ನಿಗದಿಯಾದ ಕಾಣಿಕೆ ಇರುವುದರಿಂದ ಅದು ದಾನವೋ ಖರೀದಿಯೋ ಎಂಬ ಸಂದೇಹ ಸಹಜ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸೈಂಟಾಲಜಿ ಎಂಬ ಪಂಥದ ಚರ್ಚಿನಲ್ಲಿ ನಿಗದಿತ ದರ ಕೊಟ್ಟು ಪಡೆಯುವ ಆಧ್ಯಾತ್ಮಿಕ ತರಬೇತಿಯ ಹಣ ದಾನವಲ್ಲ ಎಂದು ತೀರ್ಮಾನಿಸಿತ್ತು. ಇನ್ನೊಂದು ಕಡೆ, ದಾನದ ಸಂದರ್ಭದ ಹೊರಗೆ ವ್ಯಾಪಾರವಾಗಿ ಮಾರಾಟವಾಗದಂಥ ಅಮೂರ್ತ ಧಾರ್ಮಿಕ ಫಲಕ್ಕೆ ಬೆಲೆ ಕಟ್ಟಬೇಕಾಗಿಲ್ಲ, ಹಾಗೆ ಕೊಟ್ಟಿದ್ದೇವೆ ಎಂದು ಪತ್ರದಲ್ಲಿ ಬರೆದರೆ ಸಾಕು ಎಂದು ರಸೀದಿಯ ಕಾನೂನೇ ಹೇಳುತ್ತದೆ. ಸಂಕಲ್ಪಕ್ಕೂ ಆಶೀರ್ವಾದಕ್ಕೂ ಮಾರುಕಟ್ಟೆಯ ಬೆಲೆ ಇಲ್ಲವಾದ್ದರಿಂದ ನಮ್ಮ ದೇವಸ್ಥಾನಗಳು ಸಾಮಾನ್ಯವಾಗಿ ಸೇವೆಯ ಕಾಣಿಕೆಗೆ ದಾನದ ರಸೀದಿಯನ್ನೇ ಕೊಡುತ್ತವೆ. ಮದುವೆಗೆ ಸಭಾಂಗಣವನ್ನು ಬಾಡಿಗೆಗೆ ಪಡೆದದ್ದು, ಕ್ಯಾಂಟೀನಿನಲ್ಲಿ ದೋಸೆ ತಿಂದದ್ದು, ಮಕ್ಕಳ ಭರತನಾಟ್ಯ ತರಗತಿಯ ಶುಲ್ಕ, ಇವು ಮಾತ್ರ ದಾನವಲ್ಲ. ವಾರ್ಷಿಕ ನಿಧಿಸಂಗ್ರಹದ ಭೋಜನಕೂಟಕ್ಕೆ 150 ಡಾಲರ್ ಕೊಟ್ಟು, ಊಟ ಮತ್ತು ಸಂಗೀತ ಕಛೇರಿಯ ಬೆಲೆ 40 ಡಾಲರ್ ಆಗಿದ್ದರೆ ಉಳಿದ 110 ಡಾಲರ್‌ಗೆ ಮಾತ್ರ ಕಡಿತ. 75 ಡಾಲರ್ ಮೀರಿದ ಇಂಥ ಪಾವತಿಗಳಲ್ಲಿ ಈ ವಿಂಗಡಣೆಯನ್ನು ಸಂಸ್ಥೆಯೇ ಬರೆದು ಕೊಡಬೇಕು. ಅರ್ಚಕರ ಕೈಗೆ ನೇರವಾಗಿ ಕೊಟ್ಟ ದಕ್ಷಿಣೆ ವ್ಯಕ್ತಿಗೆ ಕೊಟ್ಟ ಹಣ, ಅದಕ್ಕೆ ಕಡಿತವಿಲ್ಲ. ಅಮ್ಮನವರಿಗೆ ಚಿನ್ನದ ಆಭರಣ ಒಪ್ಪಿಸುವವರು ಅದರ ಬೆಲೆ 5,000 ಡಾಲರ್ ಮೀರಿದರೆ ಅರ್ಹ ಮೌಲ್ಯಮಾಪಕರ ವರದಿ ಪಡೆದು ಫಾರ್ಮ್ 8283 ಸಲ್ಲಿಸಬೇಕು.

ಹಣಕ್ಕಿಂತ ಹೆಚ್ಚಾಗಿ ಜನ ತಪ್ಪು ತಿಳಿಯುವುದು ಓಡಾಟದ ಖರ್ಚಿನ ಬಗ್ಗೆ. ನಮ್ಮ ಸಮಯಕ್ಕೆ ಈ ಕಾನೂನಿನಲ್ಲಿ ಬೆಲೆಯಿಲ್ಲ. ವಕೀಲರೊಬ್ಬರು ದೇವಸ್ಥಾನದ ಜಮೀನಿನ ಪತ್ರಗಳನ್ನು ಉಚಿತವಾಗಿ ನೋಡಿಕೊಟ್ಟರೂ, ಇಂಜಿನಿಯರೊಬ್ಬರು ರಾತ್ರಿಯೆಲ್ಲ ಕುಳಿತು ವೆಬ್‌ಸೈಟ್ ಕಟ್ಟಿದರೂ, ತಮ್ಮ ಗಂಟೆಯ ದರವನ್ನು ದಾನವೆಂದು ತೋರಿಸುವಂತಿಲ್ಲ. ಆದರೆ ಆ ಸೇವೆಗಾಗಿ ಕೈಯಿಂದ ಖರ್ಚು ಮಾಡಿ ಮರಳಿ ಪಡೆಯದ ಹಣಕ್ಕೆ ಕಡಿತವಿದೆ. ಸ್ವಂತ ಕಾರಾದರೆ ಮೈಲಿಗೆ 14 ಸೆಂಟ್, ಅಥವಾ ಆ ಓಡಾಟಕ್ಕೆ ನಿಜವಾಗಿ ತಗುಲಿದ ಪೆಟ್ರೋಲ್ ಮತ್ತು ಆಯಿಲ್ ಖರ್ಚು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಪಾರ್ಕಿಂಗ್ ಮತ್ತು ಟೋಲ್ ಎರಡಕ್ಕೂ ಪ್ರತ್ಯೇಕವಾಗಿ ಸೇರುತ್ತವೆ. ವಿಮೆ, ಸಾಮಾನ್ಯ ರಿಪೇರಿ, ಕಾರಿನ ಸವಕಳಿ ಸೇರುವುದಿಲ್ಲ.

ದರ್ಶನಕ್ಕೆ ಹೋದದ್ದು ಬೇರೆ, ಸೇವೆಗೆ ಹೋದದ್ದು ಬೇರೆ. ಪೂಜೆಗೆ ಕುಳಿತು ಪ್ರಸಾದ ತೆಗೆದುಕೊಂಡು ಬರುವ ದಾರಿಗೆ ಕಡಿತವಿಲ್ಲ, ಅಡುಗೆಮನೆಯಲ್ಲಿ ಬಡಿಸಲು ಹೋದ ದಾರಿಗೆ ಇದೆ. ನಮ್ಮ ಅಡುಗೆ ಸೇವೆಯ ಹಿರಿಯರೊಬ್ಬರು ಕಾರಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟಿರುತ್ತಾರೆ. ಪೆನ್ನನ್ನು ದಾರದಿಂದ ಅದಕ್ಕೇ ಕಟ್ಟಿದ್ದಾರೆ. 2025ರ ಶ್ರೀರಾಮನವಮಿಯ ಹಿಂದಿನ ದಿನದ ಸಾಲು ಹೀಗಿದೆ: "ಏಪ್ರಿಲ್ 5. ಮನೆಯಿಂದ ಸಗಟು ಅಂಗಡಿ, ಅಲ್ಲಿಂದ ದೇವಸ್ಥಾನ. ಪಾನಕ, ಕೋಸಂಬರಿಗೆ ಬೆಲ್ಲ, ನಿಂಬೆಹಣ್ಣು, ಹೆಸರುಬೇಳೆ. ಹೋಗಿಬಂದದ್ದು 46 ಮೈಲಿ." ಆ ಪುಟಕ್ಕೆ ಅಂಗಡಿಯ ಬಿಲ್ಲನ್ನು ಪಿನ್ ಮಾಡಿರುತ್ತಾರೆ. ದಿನಾಂಕ, ಎಲ್ಲಿಗೆ, ಯಾವ ಕೆಲಸಕ್ಕೆ, ಎಷ್ಟು ಮೈಲಿ ಎಂಬ ನಾಲ್ಕೂ ಆ ಒಂದು ಸಾಲಿನಲ್ಲಿವೆ. ಲೆಕ್ಕಪರಿಶೋಧನೆ ಬಂದಾಗ ನೆನಪಿನಿಂದ ಕಟ್ಟಿದ ಪಟ್ಟಿಗೂ ಅಂದಂದೇ ಬರೆದ ಇಂಥ ಪುಸ್ತಕಕ್ಕೂ ಇರುವ ಅಂತರ ಬಹಳ ದೊಡ್ಡದು.

ದೂರದ ಪ್ರಯಾಣಕ್ಕೆ ಇನ್ನೊಂದು ಪರೀಕ್ಷೆಯಿದೆ. ಪ್ರವಾಸದಲ್ಲಿ ವಿಹಾರ, ಮನರಂಜನೆ, ರಜೆಯ ಅಂಶ ಗಣನೀಯವಾಗಿ ಇರಬಾರದು. ದೇವಸ್ಥಾನವು ತನ್ನ ಪ್ರತಿನಿಧಿಯಾಗಿ ಆರಿಸಿ ಸಮ್ಮೇಳನಕ್ಕೆ ಕಳಿಸಿದರೆ ವಿಮಾನದ ಟಿಕೆಟ್, ವಸತಿ, ಊಟದ ಖರ್ಚಿಗೆ ಕಡಿತ ಉಂಟು. ಸದಸ್ಯರಾಗಿ ತಾವೇ ಇಷ್ಟಪಟ್ಟು ಹೋದರೆ ಇಲ್ಲ. ಜೊತೆಗೆ ಬಂದ ಪತ್ನಿಯ, ಮಕ್ಕಳ ಖರ್ಚು ಯಾವ ಸಂದರ್ಭದಲ್ಲೂ ಸೇರುವುದಿಲ್ಲ. ಸೇವೆಯಲ್ಲಿ ಸಂತೋಷಪಡಬಾರದೆಂದು ಇದರ ಅರ್ಥವಲ್ಲ; ದಿನವಿಡೀ ನಿಜವಾದ ಕೆಲಸವಿದ್ದರೆ ಆ ಕೆಲಸ ನಿಮಗೆ ಪ್ರಿಯವಾಗಿದ್ದರೂ ಅಡ್ಡಿಯಿಲ್ಲ. ಟಿಕೆಟ್‌ನಂಥ ಒಂದೇ ಖರ್ಚು 250 ಡಾಲರ್ ಮುಟ್ಟಿದರೆ, ನೀವು ಯಾವ ಸೇವೆ ಮಾಡಿದಿರಿ ಎಂದು ವಿವರಿಸುವ ಪತ್ರವನ್ನು ಸಂಸ್ಥೆಯಿಂದ ಪಡೆಯಬೇಕು. ಈ ಪತ್ರವನ್ನು ಕೇಳುವವರು ಬಹಳ ಕಡಿಮೆ, ತಾವಾಗಿಯೇ ಕೊಡುವ ಸಂಸ್ಥೆಗಳು ಇನ್ನೂ ಕಡಿಮೆ.

ಹಣ ಯಾರ ಹಿಡಿತದಲ್ಲಿತ್ತು ಎಂಬುದಕ್ಕೆ 1990ರ ಸುಪ್ರೀಂ ಕೋರ್ಟ್ ತೀರ್ಪೊಂದು ಚೆನ್ನಾಗಿ ಬೆಳಕು ಚೆಲ್ಲುತ್ತದೆ. ಮಾರ್ಮನ್ ಪಂಥದ ತಂದೆತಾಯಿ, ಧರ್ಮಪ್ರಚಾರಕ್ಕೆ ಹೋದ ತಮ್ಮ ಇಬ್ಬರು ಗಂಡುಮಕ್ಕಳ ಸ್ವಂತ ಖಾತೆಗಳಿಗೆ ಚರ್ಚು ಸೂಚಿಸಿದಂತೆ ಹಣ ಕಳಿಸಿದ್ದರು. ಉದ್ದೇಶ ಧಾರ್ಮಿಕ, ಖರ್ಚಾದದ್ದೂ ಆ ಕಾರ್ಯಕ್ಕೇ. ಆದರೂ ಹಣ ಚರ್ಚಿನ ಕೈಗೆ ಬಂದಿರಲಿಲ್ಲ, ಮಕ್ಕಳ ಹಣದ ಮೇಲೆ ಚರ್ಚಿಗೆ ಕಾನೂನುಬದ್ಧ ಹಿಡಿತವಿರಲಿಲ್ಲ ಎಂದು ನ್ಯಾಯಾಲಯ ಕಡಿತವನ್ನು ನಿರಾಕರಿಸಿತು. ಸೇವೆ ಮಾಡಿದವರೇ ಖರ್ಚು ಮಾಡಿದ್ದರೆ ಅವರಿಗೆ ಕಡಿತ ಸಿಗಬಹುದು, ಅವರ ಪರವಾಗಿ ಬೇರೆಯವರು ಕೊಟ್ಟರೆ ಆ ಬೇರೆಯವರಿಗೆ ಸಿಗದು. ವೇದಪಾಠ ಶಿಬಿರಕ್ಕೆ ಸ್ವಯಂಸೇವಕನಾಗಿ ಹೋಗುವ ಮಗನ ಟಿಕೆಟ್‌ಗೆ ದುಡ್ಡು ಕೊಡುವ ನಮ್ಮ ತಂದೆತಾಯಿಯರಿಗೂ ಇದು ಅನ್ವಯಿಸುತ್ತದೆ.

ಊರಿನ ದೇವಸ್ಥಾನಕ್ಕೆ ಕಳಿಸುವ ಹಣದ ಪ್ರಶ್ನೆ ನಮ್ಮ ಕನ್ನಡಿಗರಲ್ಲಿ ವಿಶೇಷವಾಗಿ ಬರುತ್ತದೆ. ಕೊಲ್ಲೂರಿಗಾಗಲಿ, ಉಡುಪಿಗಾಗಲಿ, ಶೃಂಗೇರಿಗಾಗಲಿ ನೇರವಾಗಿ ಕಳಿಸಿದ ಕಾಣಿಕೆಗೆ ಅಮೆರಿಕದಲ್ಲಿ ಕಡಿತವಿಲ್ಲ, ಏಕೆಂದರೆ ಅದನ್ನು ಪಡೆಯುವ ಸಂಸ್ಥೆ ಇಲ್ಲಿ ಸ್ಥಾಪಿತವಾಗಿರಬೇಕು. ಪೆನ್ಸಿಲ್ವೇನಿಯಾದ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಶೃಂಗೇರಿಯ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪುತ್ತಿಗೆ ಮಠದ ಸಂಸ್ಥೆಗಳಿವೆ. ಇಲ್ಲಿಯ ಸಂಸ್ಥೆಗೆ, ಇಲ್ಲಿಯ ಕೆಲಸಕ್ಕೆ ಕೊಡುವ ದಾನದ ಲೆಕ್ಕವೇ ಬೇರೆ. ಭಾರತದಲ್ಲಿ ಬಾಡಿಗೆ ಅಥವಾ ಬಡ್ಡಿಯ ಆದಾಯವಿರುವವರು ಅಲ್ಲಿಯ ಆದಾಯ ತೆರಿಗೆ ಕಾನೂನಿನ ದಾನದ ಕಡಿತದ ಕಲಮಿನ (1961ರ ಕಾನೂನಿನಲ್ಲಿ 80ಜಿ) ಕಡೆ ನೋಡಬಹುದು, ಆದರೆ ಅಲ್ಲೂ ನಿರ್ಬಂಧಗಳಿವೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಅದು ಇಲ್ಲ, 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ಒಂದೇ ಧರ್ಮ ಅಥವಾ ಸಮುದಾಯಕ್ಕೆ ಮೀಸಲಾದ ಟ್ರಸ್ಟುಗಳಿಗೆ ಸಾಮಾನ್ಯವಾಗಿ ಆ ಮಾನ್ಯತೆಯೇ ಸಿಗುವುದಿಲ್ಲ. ಸರ್ಕಾರ ಅಧಿಸೂಚಿಸಿದ ದೇವಾಲಯಗಳ ಜೀರ್ಣೋದ್ಧಾರಕ್ಕೆ ಕೊಟ್ಟ ಹಣ ಇದಕ್ಕೆ ಮುಖ್ಯ ಅಪವಾದ.

ಕೊನೆಯದಾಗಿ ಆ 14 ಸೆಂಟಿನ ಬಗ್ಗೆ ಹೇಳಲೇಬೇಕು. ವ್ಯಾಪಾರದ ಓಡಾಟದ ದರವನ್ನು ಐಆರ್‌ಎಸ್ ಪ್ರತಿವರ್ಷ ಕಾರಿನ ಖರ್ಚಿಗೆ ತಕ್ಕಂತೆ ಪರಿಷ್ಕರಿಸುತ್ತದೆ, 1998ರಲ್ಲಿ 32.5 ಸೆಂಟ್ ಇದ್ದದ್ದು 2025ಕ್ಕೆ 70 ಸೆಂಟ್ ಆಯಿತು. ಸೇವೆಯ ದರವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನಿನಲ್ಲೇ ಅಂಕಿ ಬರೆದು ಕಟ್ಟಿಹಾಕಿದ್ದರಿಂದ ಅದು 1998ರಿಂದ ಅಲ್ಲೇ ನಿಂತಿದೆ. ರಾಮನವಮಿಯ ಆ 46 ಮೈಲಿಗೆ ವ್ಯಾಪಾರವಾಗಿದ್ದರೆ 32 ಡಾಲರ್ 20 ಸೆಂಟ್, ಸೇವೆಯಾದ್ದರಿಂದ 6 ಡಾಲರ್ 44 ಸೆಂಟ್. ಅದೂ ತೆರಿಗೆಯಲ್ಲಿ ಉಳಿಯುವ ಹಣವಲ್ಲ, ಆದಾಯದಿಂದ ಕಳೆಯುವ ಮೊತ್ತ ಅಷ್ಟೆ. 2005ರ ಕತ್ರೀನಾ ಚಂಡಮಾರುತದ ಪರಿಹಾರ ಕಾರ್ಯಕ್ಕೆ ವ್ಯಾಪಾರ ದರದ ಶೇಕಡ 70ರಷ್ಟನ್ನು ತಾತ್ಕಾಲಿಕವಾಗಿ ಕೊಟ್ಟಿದ್ದರು. ಮನಸ್ಸಿದ್ದರೆ ಮಾಡಬಹುದೆಂಬುದಕ್ಕೆ ಅದೇ ಸಾಕ್ಷಿ. ವೃದ್ಧರನ್ನು ದೇವಸ್ಥಾನಕ್ಕೆ ಕರೆತರುವವರು, ಚರ್ಚಿನಿಂದ ಮನೆಮನೆಗೆ ಊಟ ಮುಟ್ಟಿಸುವವರು, ಗುರುದ್ವಾರದ ಲಂಗರಿಗೆ ಹಿಟ್ಟು ಸಾಗಿಸುವವರು, ಎಲ್ಲರಿಗೂ ಇದು ಒಂದೇ ಅನ್ಯಾಯ. ಇದನ್ನು ಸರಿಪಡಿಸುವ ಮಸೂದೆಗಳು ಕಾಂಗ್ರೆಸ್ಸಿನಲ್ಲಿ ಹಲವು ಬಾರಿ ಮಂಡನೆಯಾಗಿವೆ. ಮತದಾನದ ಹಕ್ಕಿರುವ ನಮ್ಮವರು ತಮ್ಮ ಕ್ಷೇತ್ರದ ಪ್ರತಿನಿಧಿಗೆ ಈ ಬಗ್ಗೆ ಪತ್ರ ಬರೆಯಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ನಮ್ಮ ದೇವಸ್ಥಾನದ ಸ್ವಯಂಸೇವಕರಿಗಾಗಿ ಅಂಥ ಪತ್ರದ ಕರಡನ್ನು ನಾನು ಸಿದ್ಧಪಡಿಸುತ್ತಿದ್ದೇನೆ.