ತೆಗೆಯಲೆಂದೇ ಹಾಕುವ ಸ್ಟೆಂಟ್

ತಂಗಿಯ ಮಗನ ಅನ್ನನಾಳಕ್ಕೆ ಸ್ಟೆಂಟ್ ಹಾಕುತ್ತಾರೆ ಅಂದಾಗ ಮನೆಯಲ್ಲಿ ಎಲ್ಲರೂ ಹಾರ್ಟಿನ ಸ್ಟೆಂಟನ್ನೇ ನೆನೆದರು. ಒಮ್ಮೆ ಹಾಕಿದರೆ ಜೀವನಪೂರ್ತಿ ಇರುತ್ತದೆ ಅಂತ. ಮುಂಬೈಯ ಪರೇಲ್‌ನ ಡಾಕ್ಟರು ಮೊದಲು ಬಿಡಿಸಿ ಹೇಳಿದ್ದೇ ಅದನ್ನು. ಇದನ್ನು ಕೆಲವು ವಾರ ಇಟ್ಟು ತೆಗೆಯುತ್ತಾರೆ.

ನಾಲ್ಕು ವರ್ಷದ ಹುಡುಗ. ಮುಂಬೈ ಹತ್ತಿರದ ಡೊಂಬಿವ್ಲಿಯ ಮನೆಯಲ್ಲಿ ನೀರಿನ ಬಾಟಲಿಯಲ್ಲಿದ್ದ ಬಚ್ಚಲು ತೊಳೆಯುವ ಆಸಿಡ್ ಕುಡಿದಿದ್ದ. ಬೀದಿಯಲ್ಲಿ ಅದನ್ನು ಹಾಗೇ ಮಾರುತ್ತಾರೆ. ನನಗೆ ಈಗಲೂ ಸಿಟ್ಟು ಬರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂದರು ಪಕ್ಕದವರು. ತಂಗಿ ಕೇಳದೆ ಆಸ್ಪತ್ರೆಗೆ ಓಡಿದಳು. ವಾಂತಿ ಆಗಿದ್ದರೆ ಆಸಿಡ್ ಮೇಲೆ ಬರುತ್ತಾ ಇನ್ನೊಮ್ಮೆ ಸುಡುತ್ತಿತ್ತು.

ಗಾಯ ಮಾಯುತ್ತಾ ನಾಳ ಬಿಗಿಯಿತು. ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಂದ ಕ್ಯಾಮೆರಾದ ಕೊಳವೆ ಇಳಿಸಿ, ಬಲೂನ್ ಹಾಕಿ ಹಿಗ್ಗಿಸುತ್ತಿದ್ದರು. ಕೆಲವು ವಾರಕ್ಕೆ ಮತ್ತೆ ಬಿಗಿ. ಹಾಲೂ ಇಳಿಯುತ್ತಿರಲಿಲ್ಲ. ಹೊಟ್ಟೆಗೆ ಹಾಕಿದ ಟ್ಯೂಬಿನಿಂದಲೇ ಊಟ. ಹಿಗ್ಗಿಸುವಾಗ ನಾಳ ಹರಿದುಹೋಗುವ ಭಯ ಪ್ರತಿಸಲವೂ ಇರುತ್ತದೆ. ಅದಕ್ಕೇ ನಾಳವನ್ನು ಕೆಲವು ವಾರ ಹಿಗ್ಗಿಸಿಯೇ ಇಡಲು ಸ್ಟೆಂಟ್ ಅಂದರು.

ಸ್ಟೆಂಟ್ ಅಂದರೆ ಲೋಹದ ಸಣ್ಣ ಜಾಲರಿ ಕೊಳವೆ, ಮೇಲೆ ತೆಳುವಾದ ಹೊದಿಕೆ. ಒಳಗೆ ಹೋಗಿ ತಾನೇ ಅರಳಿಕೊಳ್ಳುತ್ತದೆ. ಮಾಂಸ ಜಾಲರಿಯೊಳಗೆ ಬೆಳೆದು ಅಂಟಿಕೊಳ್ಳಬಾರದು ಅಂತ ಆ ಹೊದಿಕೆ. ತಾನೇ ಕರಗುವ ಸ್ಟೆಂಟೂ ಇದೆಯಂತೆ, ಹೊಲಿಗೆ ದಾರ ಮಾಡುವ ವಸ್ತುವಿನದ್ದು. ಮಕ್ಕಳಲ್ಲಿ ಅಳತೆಯೇ ದೊಡ್ಡ ಕಷ್ಟ. ಸಣ್ಣದಾದರೆ ಜಾರಿ ಹೊಟ್ಟೆಗೆ ಇಳಿಯುತ್ತದೆ. ದೊಡ್ಡದಾದರೆ ಪಕ್ಕದ ಉಸಿರುನಾಳವನ್ನು ಒತ್ತುತ್ತದೆ.

ಹಾಕಿದ ದಿನದ ರಾತ್ರಿ ತುಂಬಾ ಕಷ್ಟದ್ದು. ಎದೆ ಹಿಡಿದುಕೊಂಡು "ದೊಡ್ಡಮ್ಮ, ತೆಗಿ, ತೆಗಿ" ಅಂತ ಅಳುತ್ತಿದ್ದ. ಜೊಲ್ಲು ಸುರಿಯುತ್ತಿತ್ತು, ಓಕರಿಕೆ ಬೇರೆ. ತಂಗಿ ಗೋಡೆಗೆ ಒರಗಿ ಕೂತುಬಿಟ್ಟಳು. ನರ್ಸ್ ಬಂದು ನೋವಿನ ಔಷಧಿ ಕೊಟ್ಟರು. ಎಕ್ಸ್‌ರೇ ತೆಗೆದರು. ಸ್ಟೆಂಟ್ ಜಾಗದಲ್ಲೇ ಇತ್ತು. ಹೀಗೆಲ್ಲ ಆಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ಅಷ್ಟಾದರೂ ಧೈರ್ಯವಿತ್ತು. ಹೇಳದಿದ್ದರೆ ತಾಯಿ ಆ ರಾತ್ರಿ ಹೇಗೆ ತಡೆದುಕೊಳ್ಳಬೇಕು, ಅಲ್ವಾ?

ನೋವು ನಿಧಾನವಾಗಿ ಇಳಿಯಿತು. ಗಂಜಿಯ ತಿಳಿ ಒಂದೊಂದೇ ಚಮಚ ಇಳಿದಾಗ ತಂಗಿ ಅವನ ಗಂಟಲನ್ನೇ ನೋಡುತ್ತಿದ್ದಳು.

ಈಗ ಸ್ಟೆಂಟ್ ತೆಗೆದಿದ್ದಾರೆ. ನಾಳ ಮತ್ತೆ ಸ್ವಲ್ಪ ಬಿಗಿದಿದೆ, ಆದರೆ ಮೊದಲಿನಷ್ಟು ಅಲ್ಲ. ಬಲೂನ್ ಹಾಕುವುದು ಅಪರೂಪವಾಗಿದೆ. ಸಾಂಬಾರಿನಲ್ಲಿ ನೆನೆಸಿದ ಇಡ್ಲಿ ತಿನ್ನುತ್ತಾನೆ. ಮುಂದೆ ಜಾಸ್ತಿ ಬಿಗಿದರೆ ಕರುಳಿನ ತುಂಡಿನಿಂದ ಹೊಸ ನಾಳ ಮಾಡುವ ಆಪರೇಷನ್ ಇದೆ. ಅದು ಬೇಕಾಗುತ್ತೋ ಇಲ್ಲವೋ ಅನ್ನುವುದನ್ನು ಮುಂದಿನ ಎಂಡೋಸ್ಕೋಪಿ ನೋಡಿ ಹೇಳುತ್ತಾರೆ.