ಹಸಿರೆಲ್ಲ ಪಾಚಿಯಲ್ಲ

ತೀರ್ಥಹಳ್ಳಿಯಲ್ಲಿ ತುಂಗೆ ಇಳಿದಿದ್ದಾಳೆ. ಇವತ್ತು ಮಗುಚಿದ ಕಲ್ಲಿನ ಪಕ್ಕದಲ್ಲಿ ಹಸಿರು ಹಕ್ಕಳೆ, ಅಡಿಯಲ್ಲಿ ಬಿಳಿಚು.

ಕೆರೆದು ಬಿಸಾಕಬೇಡಿ ಮಾರಾಯ್ರೆ, ಸ್ಪಂಜು ಅದು, ನೀರಲ್ಲಿ ಬದುಕೋ ಪ್ರಾಣಿ!

ಹಸಿರು, ಬಿಳಿಚು ಎರಡೂ ಒಂದೇ ಸ್ಪಂಜು. ಹಸಿರು, ಒಳಗೆ ಸೇರಿಕೊಂಡ ಪಾಚಿಯದು. ಬಣ್ಣ ನೋಡಿ ಹೆಸರಿಡೋದು ದಂಡ.

ಪಾಚಿ ಜಾರುತ್ತೆ. ಇದು ಬೆರಳಿಗೆ ತರಿತರಿ. ಆ ತರಿಯೇ ಸಿಲಿಕಾ ಸೂಜಿಗಳು, ಗುರುತು ಸಿಗೋದು ಅದರಲ್ಲೇ.

ಕಡಲೆಕಾಳಿನಷ್ಟು ಚೂರು ಬ್ಲೀಚಿಗೆ ಹಾಕಿ. ಮಾಂಸ ಕರಗಿ ಸೂಜಿ ಉಳಿಯುತ್ತೆ. ಮೂರು ಸಲ ತೊಳೆಯಿರಿ. ಎಡವಟ್ಟಾಗೋದು ಇಲ್ಲೇ: ಪ್ರತಿ ಸಲ ಕಾಲು ಗಂಟೆ ತಳ ಊರಲು ಬಿಡದಿದ್ರೆ ಸೂಜಿಯೆಲ್ಲ ನೀರಿನ ಜೊತೆ ಬಚ್ಚಲಿಗೆ.

ಸ್ಪಂಜಿನ ಬುಡದಲ್ಲಿ ಗಸಗಸೆಯಂಥ ಕಾಳು ಕಂಡ್ರೆ ಬಿಡಬೇಡಿ. ಅದು ಜೆಮ್ಯೂಲ್, ಹೊಸ ಸ್ಪಂಜು ಹುಟ್ಟೋ ಬೀಜದಂಥ ಮೊಗ್ಗು. ಅದರ ಸಿಪ್ಪೆಯ ಸೂಜಿ ನೋಡದೆ ಪ್ರಭೇದ ಹೇಳೋದು ಕಷ್ಟ.

ಕಡಲ ಸ್ಪಂಜಾದ್ರೆ ಸೂಜಿಗೊಂದು ಹನಿ ವಿನೆಗರ್. ಗುಳ್ಳೆ ಎದ್ದರೆ ಸುಣ್ಣದ್ದು.